ಗಂಜಿ ಕುಡಿದ ಮೋಟಾರು

"ಬಾನೆಟ್ಟಿನ ಮ್ಯಾಲಿಂದ ಕೈ ತಗೀರಿ, ಫೌಜದಾರ ಸಾಹೇಬ್ರ."

ರುಕ್ಮವ್ವ ದನಿ ಏರಿಸಿರಲಿಲ್ಲ. ಆದರೂ ಅಂಗಳದಲ್ಲಿ ನಿಂತಿದ್ದ ಮೂವರು ಗಂಡಸರೂ ಒಮ್ಮೆಲೇ ತಿರುಗಿ ನೋಡಿದರು. ಹೊರಗೆ ಬೀದಿಯಲ್ಲಿ ಎರಡು ಜೋಡಿ ಎತ್ತುಗಳು ನೊಗ ಹೊತ್ತು ನಿಂತಿದ್ದವು. ಕರಿಯ ಮೋಟಾರನ್ನು ಠಾಣೆಗೆ ಎಳೆದೊಯ್ಯಲು ಹಗ್ಗವೂ ಬಂದಿತ್ತು.

"ಏನಂದಿ?" ಫೌಜದಾರ ಅಂದಾನೆಪ್ಪ ಹುಬ್ಬು ಗಂಟಿಕ್ಕಿದ.

"ಗಾಡಿ ಒಯ್ಯೂದಕ್ಕ ಮೊದಲ ಅದು ಯಾಕ ಕುದೀತು ಅಂತ ನೋಡಿ ಹೋಗ್ರಿ ಅಂದೆ."

ಮೂರು ದಿನದ ಹಿಂದೆ ಇದೇ ಗಾಡಿ ನೀಲಕಂಠನೆಂಬ ಸಾಕ್ಷಿದಾರನನ್ನು ಕೂರಿಸಿಕೊಂಡು ಜಮಖಂಡಿ ಬಿಟ್ಟಿತ್ತು. ಗಲಗಲಿಯಲ್ಲಿ ದೋಣಿಯಿಂದ ಹೊಳೆ ದಾಟಿಸಿ ಅವನನ್ನು ವಿಜಾಪುರದ ಕೋರ್ಟಿಗೆ ಮುಟ್ಟಿಸಬೇಕಿತ್ತು. ಹೊಳೆ ಇನ್ನೂ ಎರಡು ಮೈಲಿ ಇರುವಾಗ ಇಂಜಿನ್ನು ಕುದಿದು ನಿಂತಿತು. ಗಾಡಿ ಹೊಡೆಯುತ್ತಿದ್ದ ತುಕಾರಾಮನೂ ಕಾವಲಿಗಿದ್ದ ಪೋಲೀಸ ಸದಾಶಿವನೂ ಡಬ್ಬಿ ಹಿಡಿದು ಹಳ್ಳಕ್ಕೆ ನೀರು ತರಲು ಹೋದರು. ತಿರುಗಿ ಬಂದಾಗ ನೀಲಕಂಠ ಇರಲಿಲ್ಲ. ಅವನ ತಲೆಯ ಪಟಕ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತ್ತು, ಅಷ್ಟೇ.

ರಬಕವಿಯಲ್ಲಿ ಮಗ್ಗದ ಶೆಡ್ಡಿಗೆ ಬೆಂಕಿ ಇಟ್ಟವರನ್ನು ಕಣ್ಣಾರೆ ಕಂಡವನು, ಅಲ್ಲೇ ನೇಯುತ್ತಿದ್ದ ಅವನೊಬ್ಬನೇ. ಆ ಬೆಂಕಿಯಲ್ಲಿ ಇಬ್ಬರು ನೇಕಾರರು ಬೆಂದು ಸತ್ತಿದ್ದರು.

ತುಕಾರಾಮ ಈಗ ಲಾಕಪ್ಪಿನಲ್ಲಿದ್ದ. ರುಕ್ಮವ್ವ ಅವನ ಅಕ್ಕ.

"ಪಂಚನಾಮೆ ಆಗೇತಿ," ಎಂದ ಫೌಜದಾರ. "ನಿನ್ನ ತಮ್ಮ ನೀರು ತುಂಬದಽ ಗಾಡಿ ಹೊಡದಾನ. ಬೇಕಂತಽ ಹೊಡದಾನ. ಜನಾ ಇಲ್ಲದ ಜಾಗಾ ನೋಡಿ ನಿಲ್ಲಿಸ್ಯಾನ. ಕಾವಲಿಗಿದ್ದ ಪೋಲೀಸನ ಕೈಯಾಗೂ ಒಂದು ಡಬ್ಬಿ ಕೊಟ್ಟು ಕರಕೊಂಡು ಹೋಗ್ಯಾನ. ಇನ್ನೇನು ಬೇಕು?"

"ನೀರು ನಾ ತುಂಬೇನಿ."

"ನೀ ಹೇಳೂದು ಯಾರು ಕೇಳ್ತಾರ?"

"ಗಾಡಿ ಹೇಳ್ತೈತಿ. ಅದನ್ನ ಕೇಳ್ರಿ."

ಮೂರನೆಯವರಾಗಿ ಬಂದಿದ್ದ ವಕೀಲ ಪಾಂಡುರಂಗರಾಯರು ಮುಗುಳ್ನಕ್ಕರು. ಸತ್ತ ನೇಕಾರರ ಹೆಂಡಂದಿರ ಪರವಾಗಿ ನಿಂತವರು ಅವರೇ. ನೀಲಕಂಠನನ್ನು ವಾರದ ಮಟ್ಟಿಗೆ ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ಬಿಳಿ ಟೋಪಿ, ಮೃದು ಮಾತು.

"ನೋಡೂಣಲ್ರಿ ಸಾಹೇಬ್ರ," ಎಂದರು. "ಆ ಹೆಣ್ಣಮಗಳು ಏನು ತೋರಿಸ್ತಾಳೋ ತೋರಿಸಲಿ. ಒಂದು ತಾಸಿನಾಗ ಊರೇನು ಮುಳುಗೂದಿಲ್ಲ."

ಫೌಜದಾರ ಕಿಸೆಯಿಂದ ಗಡಿಯಾರ ತೆಗೆದು ನೋಡಿದ. "ಒಂದು ತಾಸು. ಮ್ಯಾಲೆ ಒಂದು ಮಿನಿಟಿಲ್ಲ."

ರುಕ್ಮವ್ವ ಸೆರಗನ್ನು ಸೊಂಟಕ್ಕೆ ಬಿಗಿದಳು.

ಸಂಸ್ಥಾನವಿದ್ದಾಗ ಅವಳ ಅಪ್ಪ ಭೀಮಪ್ಪ ಮಿಸ್ತ್ರಿ ಅಲ್ಲಿಯ ಮೋಟಾರಖಾನೆಯಲ್ಲಿದ್ದ. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಕೂಡಿಹೋದ ವರ್ಷ ಹಳೆಯ ಗಾಡಿಗಳು ಹರಾಜಿಗೆ ಬಂದವು. ಯಾರಿಗೂ ಬೇಡವಾದ ಈ ಗಾಡಿಯನ್ನು ಮಿಸ್ತ್ರಿ ಮನೆಗೆ ತಂದ. ಆ ಹೊತ್ತಿಗಾಗಲೇ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಳು. ಗಂಡ ಬಿಟ್ಟ ಎಂದು ಊರವರು ಹೇಳುತ್ತಿದ್ದರು. ಬಿಟ್ಟವಳು ನಾನು ಎಂದು ಅವಳು ಪ್ರತಿ ಸಲವೂ ತಿದ್ದುತ್ತಿದ್ದಳು. ಅಪ್ಪ ಸಾಯುವವರೆಗೆ ನಾಲ್ಕು ವರ್ಷ ಅವನ ಜೊತೆಗೆ ಗಾಡಿಯ ಕೆಳಗೆ ಮಲಗಿ ಅವಳು ಕಲಿತದ್ದು ತುಕಾರಾಮನಿಗೂ ಬರುತ್ತಿರಲಿಲ್ಲ. ಅವನಿಗೆ ಹೊಡೆಯುವುದು ಗೊತ್ತು. ಬಿಚ್ಚುವುದು ಅಕ್ಕನ ಕೆಲಸ.

ಬಾನೆಟ್ಟು ಎತ್ತಿದಳು. ಕೈ ಮುಂದೆ ಹೋದರೂ ಮನಸ್ಸು ಒಂದು ಕ್ಷಣ ಹಿಂದೇಟು ಹಾಕಿತು. ನಿನ್ನೆ ಲಾಕಪ್ಪಿಗೆ ಬುತ್ತಿ ಒಯ್ದಾಗ ತುಕಾರಾಮ ಊದಿಕೊಂಡ ತುಟಿಯಲ್ಲಿ ಒಂದೇ ಮಾತು ಆಡಿದ್ದ: "ಅಕ್ಕಾ, ಗಾಡಿ ಬಿಚ್ಚಬ್ಯಾಡ." ಪೋಲೀಸರು ಪಕ್ಕದಲ್ಲೇ ಇದ್ದರು. ಪೆಟ್ಟು ತಿಂದು ಹೆದರಿದ್ದಾನೆ, ಅಕ್ಕನ ಮೇಲೂ ಬಂದೀತೆಂದು ಹಾಗೆ ಹೇಳುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು.

ಹೆದರಿದವರ ಮಾತು ಕೇಳಿ ಅವಳು ಎಂದೂ ಬದುಕಿದವಳಲ್ಲ.

"ಫೌಜದಾರ ಸಾಹೇಬ್ರ, ಇಲ್ಲಿ ಬರ್ರಿ. ದೂರ ನಿಂತರ ಕಾಣೂದಿಲ್ಲ."

ರೇಡಿಯೇಟರಿನ ಮುಚ್ಚಳ ತೆಗೆದಳು. ಹಳ್ಳದಿಂದ ತಂದು ತುಕಾರಾಮ ಹೊಯ್ದ ನೀರು ಒಳಗೆ ಇದ್ದೇ ಇತ್ತು. ಕೊಡದಿಂದ ಮತ್ತಷ್ಟು ಹೊಯ್ದು ಕಂಠದವರೆಗೆ ತುಂಬಿಸಿದಳು. ಹೊರಗೆ ಚೆಲ್ಲಿ ಫೌಜದಾರನ ಬೂಟಿನ ಮೇಲೆ ಬಿತ್ತು.

"ತುಂಬೇತಿ ಹೌದಲ್ರಿ?"

"ಹೌದು."

"ಬಾಯಿಲೆ ಅಂದ್ರ ಸಾಲೂದಿಲ್ಲ, ಬರಕೋರಿ."

ಫೌಜದಾರ ಅವಳನ್ನು ದುರುಗುಟ್ಟಿ ನೋಡಿ, ಪೋಲೀಸ ಸದಾಶಿವನಿಗೆ ಕಣ್ಸನ್ನೆ ಮಾಡಿದ. ಸದಾಶಿವ ಕಟ್ಟೆಯ ಮೇಲೆ ಕೂತು ಬರೆದುಕೊಂಡ. ಮೂರು ದಿನದಿಂದ ಅವನ ಮುಖದ ಮೇಲೆ ಕಳೆಯಿರಲಿಲ್ಲ. ಕಾವಲು ಬಿಟ್ಟು ಡಬ್ಬಿ ಹೊತ್ತವನ ನೌಕರಿ ಉಳಿಯುವುದು ಅನುಮಾನವಾಗಿತ್ತು.

ರುಕ್ಮವ್ವ ಫ್ಯಾನಿನ ಪಟ್ಟಾವನ್ನು ಹೆಬ್ಬೆರಳಿನಿಂದ ಅದುಮಿ ತೋರಿಸಿದಳು. ಬಿಗಿಯಾಗಿತ್ತು. ಅಳತೆಗೋಲು ಎಳೆದು ಎಣ್ಣೆ ತೋರಿಸಿದಳು. ಅದರಲ್ಲಿ ನೀರು ಬೆರೆತಿದ್ದರೆ ಮಜ್ಜಿಗೆಯ ಬಣ್ಣ ಬರುತ್ತಿತ್ತು. ಎಣ್ಣೆ ಕರ್ರಗೆ ಚೊಕ್ಕವಾಗಿತ್ತು. ಅಂದರೆ ಇಂಜಿನ್ನಿನ ತಲೆಯ ಗ್ಯಾಸ್ಕೆಟ್ಟು ಸುಟ್ಟಿಲ್ಲ.

ಆಮೇಲೆ ಮುಂದೆ ಬಂದು ಹ್ಯಾಂಡಲಿಗೆ ಕೈ ಹಾಕಿದಳು. ಸದಾಶಿವ ಎದ್ದು ಬಂದ.

"ನಾ ತಿರುವ್ತೀನಿ ಬಿಡ್ರಿ ಅಕ್ಕಾರ."

"ಬ್ಯಾಡ. ಆಮ್ಯಾಲೆ ಪೋಲೀಸನ ಕೈಲೆ ಏನೋ ಆತು ಅಂತ ಅಂದಾರು."

ಎರಡನೆಯ ತಿರುವಿಗೆ ಗಾಡಿ ಕೆಮ್ಮಿತು. ಮೂರನೆಯದಕ್ಕೆ ಹತ್ತಿಕೊಂಡಿತು. ಅಂಗಳದ ಕೋಳಿಗಳು ಗೋಡೆ ಹಾರಿದವು.

"ಈಗ ಗಡಿಯಾರ ನೋಡ್ರಿ," ಎಂದು ಅವಳು ಕೂಗಿ ಹೇಳಿದಳು. "ನೀರು ಕಂಠಮಟ ಐತಿ. ಫ್ಯಾನು ತಿರಗಾಕತ್ತೈತಿ. ತುಂಬಿದ ನೀರಿನ ಮ್ಯಾಲೂ ಕುದ್ದರ, ನಿಮ್ಮ ಪಂಚನಾಮೆ ಹರದು ಒಗೀಬೇಕು. ಕುದೀಲಿಲ್ಲಂದ್ರ ತಮ್ಮನ ಬಾಜೂಕ ನನ್ನೂ ಒಳಗ ಹಾಕ್ರಿ."

"ಹಾಕಾಕ ನನಗೇನು ಹೇಸಿಕಿಲ್ಲ," ಎಂದ ಫೌಜದಾರ. "ಗಂಡನ ಮನ್ಯಾಗ ಬಾಳೇವು ಮಾಡಲಾರದಾಕಿ ಇಲ್ಲಿ ಸರಕಾರಕ್ಕ ಶಾಣ್ಯಾತನ ಕಲಸಾಕ ಬಂದಾಳ."

"ಆ ಮನ್ಯಾಗೂ ಹಿಂಗಽ ಇತ್ರಿ. ಹೊಡತ ಮೊದಲು, ಕೇಳೂದು ಆಮ್ಯಾಲೆ."

ಸದಾಶಿವ ತಲೆ ತಗ್ಗಿಸಿ ಕಾಗದ ನೋಡತೊಡಗಿದ. ಫೌಜದಾರನ ಕಿವಿ ಕೆಂಪಾಯಿತು. ಗಡಿಯಾರದ ಮೇಲೆ ಕಣ್ಣಿಟ್ಟ.

ಐದು ಮಿನಿಟು. ಏಳು. ವಕೀಲರು ಬೇವಿನ ನೆರಳಿಗೆ ಸರಿದು ರುಕ್ಮವ್ವನನ್ನು ಹತ್ತಿರ ಕರೆದರು.

"ನೀಲಕಂಠ ಎಲ್ಲಿ ಹೋಗಿರಬೇಕು ಅಂತ ತುಕಾರಾಮ ನಿನ್ನ ಮುಂದ ಏನರೆ ಅಂದಾನೇನವಾ? ಪೋಲೀಸರ ಮುಂದ ಹೇಳಲಾರದ್ದು? ನಾ ನಿಮ್ಮ ಕಡಿಯಾಂವ. ನನ್ನ ಮುಂದ ಹೇಳು."

"ಅವಗ ಗೊತ್ತಿದ್ರಲ್ರಿ ಹೇಳಾಕ?"

"ಹೌದೌದು. ಸುಮ್ಮ ಕೇಳಿದೆ."

ಒಂಬತ್ತನೆಯ ಮಿನಿಟಿಗೆ ರೇಡಿಯೇಟರಿನ ಬಾಯಿಂದ ಹಬೆ ಎದ್ದಿತು. ಹನ್ನೊಂದಕ್ಕೆ ಒಳಗೆ ಗುಡುಗುಡು ಸದ್ದಾಗಿ ಮುಚ್ಚಳದ ಸುತ್ತ ಬಿಸಿನೀರು ಚಿಮ್ಮಿತು.

ಫೌಜದಾರ ಹಿಂದಕ್ಕೆ ಹಾರಿದ. ರುಕ್ಮವ್ವ ಅವನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ಕೈ ಕೊಡ್ರಿ ಇಲ್ಲಿ. ಹೆದರಬ್ಯಾಡ್ರಿ. ಇದು ರೇಡಿಯೇಟರಿನ ತಳ. ಮುಟ್ಟಿ ನೋಡ್ರಿ."

ಮೇಲ್ಭಾಗ ಹಂಚಿನಂತೆ ಕಾದಿತ್ತು. ಕೆಳಗಿನ ಒಂದು ಗೇಣು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ಮ್ಯಾಲಿನ ನೀರು ಕೆಳಗ ಇಳಿವಲ್ದು," ಎಂದಳು. "ನಡುವ ಯಾವುದೋ ಒಂದು ಅಡ್ಡ ಕುಂತೇತಿ. ಇಂಜಿನ್ ಕಾಸಿದ ನೀರು ತಣ್ಣಗಾಗಿ ತಿರುಗಿ ಹೋಗಬೇಕಲ್ರಿ, ಅದಕ್ಕ ದಾರೀನಽ ಇಲ್ಲ."

ಇಂಜಿನ್ನು ಬಂದ್ ಮಾಡಿ ಗಾಡಿ ತಣಿಯಲು ಬಿಟ್ಟಳು. ಮನೆಗೆ ಬಂದವರಿಗೆ ಚಹಾ ಕೇಳದೆ ಇದ್ದದ್ದು ಅವಳ ಜೀವನದಲ್ಲಿ ಅದೇ ಮೊದಲು. ಕೊಟ್ಟ ತಾಸು ಮುಗಿದರೂ ಫೌಜದಾರ ಗಡಿಯಾರ ತೆಗೆಯಲಿಲ್ಲ.

ಮುಟ್ಟುವಷ್ಟು ಆರಿದ ಮೇಲೆ ಅವಳು ಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದಳು. ನೀರು ಬಿಡುವ ತೋಟಿ ತಿರುವಿದಳು. ಒಂದು ಹನಿ ಬೀಳಲಿಲ್ಲ. ನಟ್ಟು ಬಿಚ್ಚುವ ಪಾನಾದಿಂದ ಕೆಳಗಿನ ರಬ್ಬರ ಪೈಪಿನ ಪಟ್ಟಿ ಸಡಿಲಿಸಿ ಎಳೆದಳು. ಲೊಳಕ್ಕೆಂದು ಒಂದು ಮುದ್ದೆ ಅವಳ ಅಂಗೈಗೆ ಬಿತ್ತು.

ಬಿಸಿಲಿಗೆ ತಂದು ತೋರಿಸಿದಳು. ಅಂಟಂಟಾದ, ಬೆಂದ ಹಿಟ್ಟಿನ ಮುದ್ದೆ. ಬಿಳುಪಿನಲ್ಲಿ ತೆಳ್ಳಗೆ ನೀಲಿ ಛಾಯೆ.

"ಗಂಜಿ," ಎಂದಳು. "ಹಸೀ ಹಿಟ್ಟು ತಣ್ಣೀರಾಗ ಕಲಿಸಿ ಹಾಕ್ಯಾರ. ತಣ್ಣಗ ಇರೂಮಟ ಸುಮ್ಮ ನೀರಿನಂಗ ಹರೀತೈತಿ. ಇಂಜಿನ್ ಕಾದ ಕೂಡ್ಲೆ ಬೆಂದು ಕಟಗೊಂತೈತಿ. ಏಳೆಂಟು ಮೈಲಿ ಹೋದ ಮ್ಯಾಲೆ ಎಲ್ಲಾ ದಾರಿ ಬಂದ್."

"ಇದು ನೀಲಿ ಯಾಕ?" ಫೌಜದಾರ ಬಗ್ಗಿ ಮೂಸಿದ.

"ಮೈಲುತುತ್ತ. ಅಡಗಿ ಮನಿ ಗಂಜಿ ಅಲ್ರಿ ಇದು. ಮಗ್ಗದ ಹಾಸಿನ ನೂಲಿಗೆ ಹಚ್ಚೂ ಗಂಜಿ. ಹುಳಾ ಹಿಡೀಬಾರದಂತ ನೇಕಾರರು ಮೈಲುತುತ್ತ ಕೂಡಸ್ತಾರ. ಬನಹಟ್ಟಿ, ರಬಕವಿಯೊಳಗ ಯಾವ ಓಣಿಗಿ ಹೋದ್ರೂ ಸಿಗ್ತೈತಿ."

ವಕೀಲರು ನೆರಳಿನಿಂದ ಹೊರಗೆ ಬಂದು ಆ ಮುದ್ದೆಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲಿನ ನಗು ಹೋಗಿತ್ತು.

ಫೌಜದಾರ ನೆಟ್ಟಗೆ ನಿಂತ. "ಇದನ್ನ ನಿನ್ನ ತಮ್ಮನಽ ಹಾಕಿರಬಹುದು."

"ನಮ್ಮ ಮನ್ಯಾಗ ಮಗ್ಗ ಐತೇನ್ರಿ? ತನ್ನ ಅನ್ನದ ಗಾಡಿ ಹೊಟ್ಟಿಗಿ ತಾನಽ ಹಿಟ್ಟು ಹಾಕಾವ ಹುಚ್ಚನೇನು ಅವ? ಆವತ್ತು ಮುಂಜಾನೆ ಆರಕ್ಕ ನಾ ನೀರು ತುಂಬಿ ಮುಚ್ಚಳ ಬಿಗದೇನಿ. ಅದರ ಮ್ಯಾಲೆ ಯಾರೋ ತಗದಾರ. ರಬಕವಿ ಬೆಂಕಿ ಹಚ್ಚಿದವ್ರ ಮಂದಿ ಯಾರು ಗಾಡಿ ಹತ್ರ ಬಂದಿದ್ರು, ಅದನ್ನ ಹುಡುಕ್ರಿ. ನನ್ನ ತಮ್ಮ ಬ್ಯಾನ್ಯಾಗ ನರಳಾಕತ್ತಾನ. ಅವನ್ನ ಬಿಡ್ರಿ."

ಫೌಜದಾರ ಮುಚ್ಚಳ, ಪೈಪು, ಮುದ್ದೆ ಮೂರನ್ನೂ ಒಂದು ಸುತ್ತು ನೋಡಿದ. ಕೆಟ್ಟ ಬಾಯಿಯವನಾದರೂ ಕಣ್ಣೆದುರಿನ ಸಂಗತಿಯನ್ನು ಇಲ್ಲವೆನ್ನುವವನಲ್ಲ.

"ಸದಾಶಿವ, ಹೊಸಾ ಪಂಚನಾಮೆ ಬರಿ. ಗಂಜಿ ಒಂದು ಬಾಟ್ಲಿಗಿ ಹಾಕು."

ಬಾಟಲಿಗೆ ಹಾಕಿದ್ದು ಅರ್ಧ ಮಾತ್ರ. ಉಳಿದರ್ಧವನ್ನು ರುಕ್ಮವ್ವ ಅವರೆದುರಿಗೇ ಹಿತ್ತಾಳೆಯ ವಾಟಗಕ್ಕೆ ಹಾಕಿ ಗೋಡೆಯ ಮಾಡದಲ್ಲಿಟ್ಟಳು. "ಇದು ನಂದು," ಎಂದಳು. ಫೌಜದಾರ ಬೇಡವೆನ್ನಲಿಲ್ಲ.

ವಕೀಲರು ಆಗ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತುಕಾರಾಮನ ಜಾಮೀನು ನಾ ಆಗ್ತೀನಿ. ಇವತ್ತಽ ಬಿಡ್ರಿ ಸಾಹೇಬ್ರ. ವಿಚಾರಣೆ ಮುಗಿಯೂತನಾ ನಮ್ಮ ಮನ್ಯಾಗಽ ಇರಲಿ. ರುಕ್ಮವ್ವಾ, ಇಲ್ಲೊಂದು ಸಹಿ ಹಾಕವಾ."

ಎಣ್ಣೆಗೈಯಲ್ಲೇ ಅವಳು ಸಹಿ ಹಾಕಿದಳು. ಕಾಗದದ ಮೇಲೆ ಕರಿಯ ಹೆಬ್ಬೆರಳಿನ ಗುರುತೂ ಬಿತ್ತು. ಮೂರು ದಿನದ ಮೇಲೆ ಮೊದಲ ಸಲ ಅವಳ ಎದೆ ಹಗುರಾಯಿತು.

ಅವರು ಹೋದ ಮೇಲೆ ಹಂಡೆಯಲ್ಲಿ ನೀರು ಕಾಯಿಸಿ ಬಟ್ಟೆ ಸೋಡಾ ಕದಡಿದಳು. ರೇಡಿಯೇಟರಿಗೆ ಹೊಯ್ದಳು, ಹರಿಯಬಿಟ್ಟಳು, ಮತ್ತೆ ಹೊಯ್ದಳು. ಮೊದಲು ಮುದ್ದೆ ಮುದ್ದೆಯಾಗಿ, ಆಮೇಲೆ ಕದಡು ನೀರಾಗಿ, ಕೊನೆಗೆ ತಿಳಿಯಾಗಿ ಇಳಿಯಿತು. ಪೈಪು ಜೋಡಿಸಿದಳು. ತಮ್ಮ ಬರುವ ಹೊತ್ತಿಗೆ ಗಾಡಿ ಓಡುವಂತಿರಬೇಕು. ಪಟ್ಟಿಯ ಸ್ಕ್ರೂ ಬಿಗಿಯುವಾಗ ತನಗೇ ತಿಳಿಯದಂತೆ ಒಂದು ಅಭಂಗ ಗುನುಗುತ್ತಿದ್ದಳು.

ಹಿಂದೆ ಎಮ್ಮೆಯ ಮೇವಿಗೆ ಕಣಕಿ ಪೇರಿಸಿದ್ದ ಕೋಣೆಯ ಬಾಗಿಲು ಕಿರ್ರೆಂದಿತು.

ರುಕ್ಮವ್ವ ಪಾನಾ ಎತ್ತಿ ತಿರುಗಿದಳು. ಮೈತುಂಬ ಕಣಕಿಯ ಹೊಟ್ಟು, ಬರಿದಲೆ, ಮೂರು ದಿನದ ಗಡ್ಡ. ಆ ಮನುಷ್ಯ ಎರಡೂ ಕೈ ಮೇಲೆತ್ತಿ ನಿಂತಿದ್ದ. ಬೆರಳಿನ ಉಗುರುಗಳ ಸಂದಿಯಲ್ಲಿ ನೀಲಿ.

"ಹೊಡೀಬ್ಯಾಡ್ರಿ ಅಕ್ಕಾರ. ನಾ ನೀಲಕಂಠ."

ಅವಳು ಪಾನಾ ಇಳಿಸದೆ ಒಂದು ಹೆಜ್ಜೆ ಹತ್ತಿರ ಬಂದಳು.

"ನಸುಕಿನಾಗ ಬಂದು ಹೊಕ್ಕೇನ್ರಿ. ತುಕಾರಾಮಣ್ಣ ಲಾಕಪ್ಪಿನಾಗ ಹೊಡತ ತಿನ್ನಾಕತ್ತಾನ ಅಂತ ತಿಳೀತು. ನಿಮ್ಮ ಕೂಡ ಠಾಣೆಕ್ಕ ಹೋಗಿ ಎಲ್ಲಾ ಹೇಳಬೇಕಂತ ಬಂದೆ. ಅಷ್ಟರಾಗ ಅವ್ರು ಬಂದ್ರು."

"ನಿನ್ನ ಯಾರು ಎತ್ತಿಕೊಂಡು ಹೋಗಿದ್ರು?"

"ಯಾರೂ ಇಲ್ಲ. ನಾನಽ ಇಳಿದು ಓಡಿದೆ. ಗಂಜಿ ಹಾಕಿದಾವನೂ ನಾನಽ."

ಪಾನಾ ಹಿಡಿದ ಅವಳ ಕೈ ನಿಧಾನವಾಗಿ ಕೆಳಗಿಳಿಯಿತು.

"ಹಾಕು ಅಂತ ಹೇಳಿದಾವ ತುಕಾರಾಮಣ್ಣ," ಎಂದ ನೀಲಕಂಠ. "ಪೋಲೀಸನ ಕೈಯಾಗ ಡಬ್ಬಿ ಕೊಟ್ಟು ದೂರ ಒಯ್ದಾವನೂ ಅವನಽ. ನಾ ಆ ದಿನಾ ಹೊಳಿ ದಂಡಿ ಮುಟ್ಟಿದ್ರ ಇವತ್ತು ಇರ್ತಿದ್ದಿಲ್ರಿ. ಗಾಡಿ ತಾನಽ ಕೆಟ್ಟಂಗ ಕಾಣಬೇಕಿತ್ತು."

ಎರಡು ತಾಸಿನ ಹಿಂದೆ ಇದೇ ಜಾಗದಲ್ಲಿ ನಿಂತು ಫೌಜದಾರನ ಮುಖಕ್ಕೆ ಆಡಿದ ಒಂದೊಂದು ಮಾತೂ ರುಕ್ಮವ್ವನಿಗೆ ನೆನಪಾಯಿತು. ಗಾಡಿ ಬಿಚ್ಚಬ್ಯಾಡ ಎಂದಿದ್ದ ತಮ್ಮ. ಅವಳು ಬಿಚ್ಚಿದ್ದಳು. ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದ್ದಳು.

"ನನ್ನ ಮುಂದ ಯಾಕ ಹೇಳಲಿಲ್ಲ ಅವ?"

"ನಮ್ಮಕ್ಕಗ ಸುಳ್ಳು ಹೇಳಾಕ ಬರೂದಿಲ್ಲ ಅಂದ."

"ದಂಡಿ ಮ್ಯಾಲೆ ಯಾರು ಕಾಯ್ತಿದ್ರು? ರಬಕವಿ ಮಂದಿಯೇನು?"

"ದೋಣಿಯಾಂವ ಒಬ್ಬನಽ. ನಡುಹೊಳ್ಯಾಗ ದೋಣಿ ಮಗಚು ಅಂತ ಅವಗ ಹಿಂದಿನ ದಿನಾ ಸಂಜೀಕ ಹೇಳೂದು ನಾ ಗ್ವಾಡಿ ಆಚಿಂದ ಕೇಳೇನಿ. ಹೇಳಿದ ದನಿ ನನಗ ಚಲೋ ಗೊತ್ತು. ಒಂದು ವಾರ ಅವ್ರ ಮನಿ ಊಟ ಉಂಡೇನಿ." ನೀಲಕಂಠ ಕಣ್ಣು ಕೆಳಗಿಳಿಸಿದ. "ವಕೀಲರು, ಅಕ್ಕಾರ. ಪಾಂಡುರಂಗರಾಯರು. ಬೆಂಕಿ ಹಚ್ಚಿದವ್ರ ರೊಕ್ಕ ತಿಂದಾರ."

ನೀಲಿ ಗಂಜಿಯನ್ನು ನೋಡುತ್ತಿದ್ದ ಆ ಮುಖ ಅವಳ ಕಣ್ಣ ಮುಂದೆ ಬಂತು. ಗಂಜಿ ನೇಕಾರನದು. ಆ ದಿನ ಬೆಳಗಿನಿಂದ ಗಾಡಿಯ ಹತ್ತಿರವಿದ್ದ ನೇಕಾರ ನೀಲಕಂಠ ಒಬ್ಬನೇ. ವಕೀಲರು ಆಗಲೇ ಎಲ್ಲವನ್ನೂ ಜೋಡಿಸಿಕೊಂಡಿದ್ದರು: ನೀಲಕಂಠ ತಾನಾಗಿ ಓಡಿದ್ದಾನೆ, ಬದುಕಿದ್ದಾನೆ, ಎಲ್ಲಿದ್ದಾನೆಂದು ತುಕಾರಾಮನಿಗೆ ಗೊತ್ತಿದೆ. ಆ ತುಕಾರಾಮನನ್ನು ಅವರ ಕೈಗೆ ಕೊಟ್ಟು ಸಹಿ ಹಾಕಿದವಳು ಅವನ ಅಕ್ಕ.

ಅಳು ಬರಲಿಲ್ಲ. ಬಂದದ್ದು ಸಿಟ್ಟು, ಮೊದಲು ತನ್ನ ಮೇಲೆ, ಆಮೇಲೆ ಆ ಬಿಳಿ ಟೋಪಿಯ ಮೇಲೆ.

"ಹಿಂದಿನ ಸೀಟಿನ ಕೆಳಗ ಮಲಕೋ," ಎಂದಳು.

"ಎಲ್ಲಿಗ್ರಿ?"

"ವಕೀಲರ ಮನಿಗಿ. ಅವರ ಬಾಗಲ್ದಾಗ ನಿಂತು ಕೇಳ್ತೀನಿ ನನ್ನ ತಮ್ಮನ್ನ. ಓಣಿ ಮಂದಿ ಎಲ್ಲಾ ಕೇಳೂವಂಗ ಕೇಳ್ತೀನಿ."

"ನೀವು ಗಾಡಿ ಹೊಡೀತೀರಾ?"

"ಊರಾಗ ಯಾರೂ ನೋಡಿಲ್ಲ. ಇವತ್ತು ನೋಡಲಿ."

ನೀಲಕಂಠನ ಮೇಲೆ ಗೋಣಿಚೀಲ ಎಳೆದಳು. ಹ್ಯಾಂಡಲು ಒಂದೇ ತಿರುವಿಗೆ ಹತ್ತಿಕೊಂಡಿತು. ಸ್ಟೇರಿಂಗಿನ ಮುಂದೆ ಕೂತು ಗಾಡಿಯನ್ನು ಬಾಗಿಲಿನ ಹೊರಗೆ ತಂದಳೋ ಇಲ್ಲವೋ, ಎದುರಿನಿಂದ ಒಬ್ಬ ಕೈ ಬೀಸುತ್ತ ಓಡಿ ಬಂದು ಬಾನೆಟ್ಟಿಗೇ ಎದೆ ಕೊಟ್ಟು ನಿಂತ. ಪೋಲೀಸ ಸದಾಶಿವ. ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ದಾರಿ ಬಿಡು ಸದಾಶಿವ."

"ತುಕಾರಾಮನ್ನ ಬಿಟ್ರು, ಅಕ್ಕಾರ."

"ಗೊತ್ತೈತಿ. ವಕೀಲರ ಮನಿಗೆಽ ಹೊಂಟೇನಿ."

"ವಕೀಲರು ಅವನ್ನ ಅಲ್ಲಿಗಿ ಒಯ್ದಿಲ್ರಿ." ಸದಾಶಿವ ಉಸಿರು ಎಳೆದುಕೊಂಡ. ಅವನ ಕಣ್ಣು ಹಿಂದಿನ ಸೀಟಿನ ಬುಡದ ಗೋಣಿಚೀಲದ ಮೇಲೆ ಹೋಗಿ, ಅಲ್ಲಿಂದ ತಿರುಗಿ ಅವಳ ಮುಖದ ಮೇಲೆ ನಿಂತಿತು. "ಬಾಡಿಗಿ ಮೋಟಾರು ತರಿಸಿ ಗಲಗಲಿ ಹೊಳಿ ದಾರಿ ಹಿಡದಾರ. ಜಾಮೀನಿನ ಮ್ಯಾಲೆ ಬಿಟ್ಟಾವನ ಕೈಬೇಡಿ ಮಾತ್ರ ತಗದಿಲ್ರಿ. ಕೀಲಿ ಫೌಜದಾರ ಸಾಹೇಬ್ರ ಕಿಸೇದಾಗ ಐತಿ. ಸಾಹೇಬ್ರೂ ಅದಽ ಗಾಡ್ಯಾಗ ಕುಂತಾರ."